ನೋವಿನ ಮಾತ್ರೆಯೋ, ಮೀನೆಣ್ಣೆಯೋ: ಯಾವ ನೋವಿಗೆ ಯಾವುದು, ಎಷ್ಟು ದಿನಕ್ಕೆ?

ದೀಪಾವಳಿ ಕಳೆದ ವಾರದ ಒಂದು ಸಂಜೆ, ಮದ್ದೂರು ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಮಂಡ್ಯದ ನಮ್ಮ ಮೆಡಿಕಲ್ ಸ್ಟೋರಿಗೆ ಬಂದರು. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು. ಒಳಗೆ ಜೇನುಬಣ್ಣದ ದಪ್ಪ ದಪ್ಪ ಮೀನೆಣ್ಣೆ ಕ್ಯಾಪ್ಸೂಲುಗಳು. ಅರವತ್ತರಲ್ಲಿ ಐವತ್ತಾದರೂ ಹಾಗೇ ಉಳಿದಿದ್ದವು.

“ಮಗ ಬೆಂಗ್ಳೂರಿಂದ ಕಳ್ಸವ್ನೆ ಕಣವ್ವ. ಆ ಇಂಗ್ಲಿಷ್ ಮಾತ್ರೆ ಬುಟ್ಟು ಇದ್ನ ತಿನ್ನು ಅಂದ. ಮಂಡಿ ನೋವು ಬಂದಾಗ ಒಂದು ನುಂಗ್ತೀನಿ, ಏನೂ ಗುಣ ಕಾಣಾಕಿಲ್ಲ. ನಂಗೆ ಆ ಹಳೇ ಮಾತ್ರೇನೇ ಕೊಡು.”

ಅವರನ್ನು ಕೂರಿಸಿ ಮಾತಾಡುತ್ತಿದ್ದೆ, ಅಷ್ಟರಲ್ಲಿ ಆಲೆಮನೆಯಲ್ಲಿ ಕೆಲಸ ಮಾಡುವವರೊಬ್ಬರು ಖಾಲಿ ಸ್ಟ್ರಿಪ್ ಚಾಚಿದರು. ಅಸೆಕ್ಲೋಫೆನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ. “ಎಷ್ಟು ದಿನದಿಂದ ತಗೋತಿದ್ದೀರಣ್ಣ?” ಅಂದೆ. “ಯುಗಾದಿಯಿಂದ್ಲೂ. ಬೆಳಗ್ಗೆ ಒಂದು, ರಾತ್ರಿ ಒಂದು. ಇಲ್ದಿದ್ರೆ ಕೊಪ್ಪರಿಗೆ ಮುಂದೆ ನಿಲ್ಲಾಕಾಗಲ್ಲ ಕಣಕ್ಕ.” ಅವರ ಪಾದ ನೋಡಿದೆ. ಚಪ್ಪಲಿಯ ಪಟ್ಟಿ ಊದಿದ ಚರ್ಮದಲ್ಲಿ ಹೂತುಹೋಗಿತ್ತು.

ನಾನು ಫಾರ್ಮಸಿಸ್ಟ್. ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ನಾನು ಕಂಡಿರುವ ತಪ್ಪು ಇವರಿಬ್ಬರಲ್ಲೂ ಇದೆ. ಮೀನೆಣ್ಣೆಯನ್ನು ನಮ್ಮ ಜನ ನೋವಿನ ಮಾತ್ರೆಯ ಹಾಗೆ ತೆಗೆದುಕೊಳ್ಳುತ್ತಾರೆ: ನೋವು ಬಂದಾಗ ಒಂದು ನುಂಗಿ ಸಂಜೆಯೊಳಗೆ ಗುಣ ನೋಡುತ್ತಾರೆ. ನೋವಿನ ಮಾತ್ರೆಯನ್ನು ಮೀನೆಣ್ಣೆಯ ಹಾಗೆ ತೆಗೆದುಕೊಳ್ಳುತ್ತಾರೆ: ತಿಂಗಳುಗಟ್ಟಲೆ, ದಿನವೂ, ಊಟದಷ್ಟೇ ಸಲೀಸಾಗಿ. ಆಗಬೇಕಾದದ್ದು ಇದರ ಉಲ್ಟಾ. “ಮಾತ್ರೆ ಕೆಮಿಕಲ್ಲು, ಎಣ್ಣೆ ನ್ಯಾಚುರಲ್ಲು” ಅಂತ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕೇಳಬೇಕಾದ ಪ್ರಶ್ನೆ ಮೂರೇ: ಯಾವ ನೋವು, ಎಷ್ಟು ದಿನಕ್ಕೆ, ಜೊತೆಗೆ ಬೇರೆ ಏನು ಮಾತ್ರೆ ನಡೆಯುತ್ತಿದೆ.

ತೂಬು ಮುಚ್ಚುವುದು ಬೇರೆ, ಕೆರೆಗೋಡು ಹೊಡೆಯುವುದು ಬೇರೆ

ಏಟು ಬಿದ್ದಾಗ, ಕೀಲು ಊದಿಕೊಂಡಾಗ ಆ ಜಾಗದ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ನೋವು, ಕೆಂಪು, ಬಿಸಿ, ಊತ ಇದರಿಂದಲೇ ಹೆಚ್ಚುತ್ತದೆ. ಇದನ್ನು ತಯಾರಿಸುವ ಕಿಣ್ವದ ಹೆಸರು ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಎಟೋರಿಕಾಕ್ಸಿಬ್ ಎಲ್ಲವೂ ಈ ಕಿಣ್ವವನ್ನು ತಡೆಯುವ ಮಾತ್ರೆಗಳು. ಆಸ್ಪಿರಿನ್ 1899ರಿಂದಲೇ ಮಾರಾಟದಲ್ಲಿದ್ದರೂ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಾದದ್ದು 1971ರಲ್ಲಿ. ಅದನ್ನು ಕಂಡುಹಿಡಿದ ಜಾನ್ ವೇನ್ ಅವರಿಗೆ 1982ರಲ್ಲಿ, ಇನ್ನಿಬ್ಬರು ವಿಜ್ಞಾನಿಗಳ ಜೊತೆ, ನೊಬೆಲ್ ಬಂತು. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರುವುದಿಲ್ಲ. ಅದು ಜ್ವರ, ನೋವು ಇಳಿಸುತ್ತದೆ, ಊತದ ಮೇಲೆ ಅದರ ಕೆಲಸ ಹೆಚ್ಚು ನಡೆಯುವುದಿಲ್ಲ. ಡೋಲೋ 650 ಎಂದರೆ ಬರೀ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಎಂದರೆ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್. ಎರಡನ್ನೂ “ಜ್ವರದ ಮಾತ್ರೆ” ಎಂದು ಒಂದೇ ಡಬ್ಬಿಯಲ್ಲಿ ಹಾಕಿಡುವ ಮನೆಗಳು ತುಂಬಾ ಇವೆ.

ಕಾಲುವೆ ನೀರಿನಲ್ಲಿ ಬೇಸಾಯ ಮಾಡುವ ನಮ್ಮ ಕಡೆಯವರಿಗೆ ನಾನು ಇದನ್ನು ನಾಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಗದ್ದೆಗೆ ನೀರು ಜಾಸ್ತಿ ನುಗ್ಗುತ್ತಿದ್ದರೆ ತೂಬು ಮುಚ್ಚುತ್ತೀರಿ. ನೀರು ತಕ್ಷಣ ನಿಲ್ಲುತ್ತದೆ. ಮಾತ್ರೆಯೂ ಹಾಗೇ, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಆದರೆ ಅದೇ ತೂಬಿನಿಂದ ಬೇರೆ ಗದ್ದೆಗಳಿಗೂ ನೀರು ಹೋಗಬೇಕು. ಜಠರದ ಒಳಗೋಡೆಗೆ ಲೋಳೆಯ ಕಾವಲು ಕೊಡುವುದು ಪ್ರೊಸ್ಟಾಗ್ಲಾಂಡಿನ್. ಕಿಡ್ನಿಗೆ ಹೋಗುವ ರಕ್ತನಾಳಗಳನ್ನು ಅಗಲವಾಗಿ ಇಡುವುದೂ ಅದೇ. ತೂಬು ವಾರಗಟ್ಟಲೆ ಮುಚ್ಚಿದ್ದರೆ ಮಂಡಿಯ ಗದ್ದೆಯ ಜೊತೆಗೆ ಹೊಟ್ಟೆಯ ಗದ್ದೆ, ಕಿಡ್ನಿಯ ಗದ್ದೆ ಕೂಡ ಒಣಗುತ್ತವೆ.

ಮೀನೆಣ್ಣೆ ತೂಬಿಗೆ ಕೈ ಹಾಕುವುದಿಲ್ಲ. ಅದರಲ್ಲಿರುವ ಇಪಿಎ, ಡಿಎಚ್‌ಎ ಎಂಬ ಎರಡು ಒಮೇಗಾ-3 ಕೊಬ್ಬುಗಳು ನಿಧಾನವಾಗಿ ಜೀವಕೋಶಗಳ ಪೊರೆಯೊಳಗೆ ಸೇರಿ, ಅಲ್ಲಿ ಮೊದಲಿಂದ ಇರುವ, ಪ್ರೊಸ್ಟಾಗ್ಲಾಂಡಿನ್ ತಯಾರಿಗೆ ಕಚ್ಚಾವಸ್ತುವಾದ ಅರಾಕಿಡೋನಿಕ್ ಆಮ್ಲದ ಜಾಗವನ್ನು ಸ್ವಲ್ಪ ಸ್ವಲ್ಪವೇ ಹಿಡಿಯುತ್ತವೆ. ಆಮೇಲೆ ಆ ಕಿಣ್ವ ಕೆಲಸ ಮಾಡಿದರೂ ಹುಟ್ಟುವುದು ಕಡಿಮೆ ತೀಕ್ಷ್ಣವಾದ ವಸ್ತು. ಉರಿಯೂತವನ್ನು ಇಳಿಸಿ ಮುಗಿಸುವ ರಿಸಾಲ್ವಿನ್ ಎಂಬ ವಸ್ತುಗಳೂ ಈ ಎಣ್ಣೆಯಿಂದಲೇ ಆಗುತ್ತವೆ. ಇದು ಗದ್ದೆಗೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆದ ಹಾಗೆ. ಹೊಡೆದ ಮಾರನೇ ದಿನ ಪೈರು ಎದ್ದು ನಿಲ್ಲುವುದಿಲ್ಲ, ಎರಡು ಮೂರು ತಿಂಗಳು ಬೇಕು. ನೋವು ಬಂದಾಗ ಒಂದು ಕ್ಯಾಪ್ಸೂಲ್ ನುಂಗಿದ ಅಜ್ಜಿಗೆ ಗುಣ ಕಾಣದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಡಬ್ಬಿಯ ಹಿಂಬದಿ

ಮೀನೆಣ್ಣೆ ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ 1000 ಮಿ.ಗ್ರಾಂ ಅಂತ ಇರುತ್ತದೆ. ಅದು ಎಣ್ಣೆಯ ಒಟ್ಟು ತೂಕ, ಒಮೇಗಾ-3ರ ಲೆಕ್ಕವಲ್ಲ. ಅಜ್ಜಿಯ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿದೆ: ಇಪಿಎ 180, ಡಿಎಚ್‌ಎ 120. ಸಾಧಾರಣ ಕ್ಯಾಪ್ಸೂಲುಗಳಲ್ಲಿ ಹೆಚ್ಚಾಗಿ ಇರುವುದು ಇಷ್ಟೇ. ಎರಡೂ ಸೇರಿ 300 ಮಿ.ಗ್ರಾಂ.

ಈಗ ಲೆಕ್ಕ ಹಾಕಿ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದವರಲ್ಲಿ ಮೀನೆಣ್ಣೆಯಿಂದ ಕೀಲು ನೋವು, ಬೆಳಗಿನ ಬಿಗಿತ ಇಳಿದು ನೋವಿನ ಮಾತ್ರೆಯ ಅಗತ್ಯ ಕಡಿಮೆಯಾದದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ ಸುಮಾರು 2.7 ಗ್ರಾಂ ಇಪಿಎ ಮತ್ತು ಡಿಎಚ್‌ಎ, ಅದೂ ಮೂರು ತಿಂಗಳ ಮಟ್ಟಿಗೆ. 300ರ ಕ್ಯಾಪ್ಸೂಲಿನಲ್ಲಿ ಅಷ್ಟು ಸಿಗಬೇಕಾದರೆ ದಿನಕ್ಕೆ ಒಂಬತ್ತು ನುಂಗಬೇಕು. ಅರವತ್ತರ ಡಬ್ಬಿ ಒಂದು ವಾರಕ್ಕೆ ಖಾಲಿ. ಸಾಂದ್ರತೆ ಹೆಚ್ಚಿರುವ ಕ್ಯಾಪ್ಸೂಲುಗಳೂ ಇವೆ. ದುಬಾರಿಯಾದರೂ ಒಂದು ಗ್ರಾಂ ಒಮೇಗಾ-3ಕ್ಕೆ ಎಷ್ಟು ರೂಪಾಯಿ ಎಂದು ಭಾಗಿಸಿ ನೋಡಿದರೆ ಕೆಲವೊಮ್ಮೆ ಅವೇ ಅಗ್ಗ. ಡಬ್ಬಿಯ ಮೇಲಿನ ಬೆಲೆಯನ್ನೇ ಹೋಲಿಸಿ ಕೊಳ್ಳಬೇಡಿ.

ಇನ್ನೊಂದು ಸಾಲನ್ನೂ ನೋಡಿ. ಮೀನೆಣ್ಣೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಜೊತೆಗೆ ಇದು ಔಷಧಿಯಾಗಿ ಬಳಸಲಿಕ್ಕಲ್ಲ ಎಂಬ ಸಾಲು. ಕಾನೂನಿನ ಕಣ್ಣಲ್ಲಿ ಅದು ಪೂರಕ ಆಹಾರ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಸ್ಟ್ರಿಪ್ಪಿನ ಅಂಚಿನಲ್ಲಿ ಕೆಂಪು ಪಟ್ಟಿ ಇರುತ್ತದೆ: ಷೆಡ್ಯೂಲ್ ಎಚ್, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಕೇಳಿದಾಗ ಬೇಜಾರು ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುವವರು ಈ ಕೆಂಪು ಪಟ್ಟಿಯನ್ನೊಮ್ಮೆ ನೋಡಲಿ ಎಂದು ನನಗೆ ಆಸೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಚೈನ್ ಲಿಂಕ್ ಮಾದರಿಯಲ್ಲಿ ಮನೆಮನೆಗೆ ಮೀನೆಣ್ಣೆ ಮಾರುವವರು ಥರ್ಮಾಕೋಲ್ ಲೋಟಕ್ಕೆ ಎಣ್ಣೆ ಹುಯ್ದು, ಅದು ಕರಗುವುದನ್ನು ತೋರಿಸಿ, “ನಿಮ್ಮ ರಕ್ತನಾಳದ ಕೊಬ್ಬೂ ಹೀಗೇ ಕರಗುತ್ತೆ” ಎನ್ನುತ್ತಾರೆ. ನಮ್ಮ ಬೀದಿಯಲ್ಲೇ ಒಂದು ಮನೆಯ ಹಜಾರದಲ್ಲಿ ಇದನ್ನು ನೋಡಿದ್ದೇನೆ. ಮೀನೆಣ್ಣೆಯನ್ನು ಸಂಸ್ಕರಿಸುವಾಗ ಈಥೈಲ್ ಎಸ್ಟರ್ ರೂಪಕ್ಕೆ ತಂದಿದ್ದರೆ ಅದು ಥರ್ಮಾಕೋಲನ್ನು ಕರಗಿಸುತ್ತದೆ. ರಸಾಯನಶಾಸ್ತ್ರದ ಸರಳ ಸಂಗತಿ ಅದು. ರಕ್ತನಾಳದ ಬಗ್ಗೆ, ಮಂಡಿಯ ಬಗ್ಗೆ ಆ ಲೋಟ ಏನನ್ನೂ ಹೇಳುವುದಿಲ್ಲ. ನೀವು ಮಾಡಬಹುದಾದ ನಿಜವಾದ ಪರೀಕ್ಷೆ ಬೇರೆ ಇದೆ: ಒಂದು ಕ್ಯಾಪ್ಸೂಲನ್ನು ಕತ್ತರಿಯಿಂದ ಕತ್ತರಿಸಿ ಮೂಸಿ. ಹಗುರವಾದ ಮೀನಿನ ವಾಸನೆ ಸರಿ. ಹಳೇ ಬಣ್ಣದ ಡಬ್ಬಿ ತೆಗೆದ ಹಾಗೆ ಕಮಟು ವಾಸನೆ ಹೊಡೆದರೆ ಎಣ್ಣೆ ಕೆಟ್ಟಿದೆ, ಎಸೆಯಿರಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಿಟಕಿಯ ಮೇಲಿಟ್ಟ ಡಬ್ಬಿ ಬೇಗ ಕೆಡುತ್ತದೆ.

ಯಾವ ನೋವಿಗೆ ಏನು

ಕಾಲು ಉಳುಕಿದ್ದು, ಹಲ್ಲು ನೋವು, ಮೂಟೆ ಎತ್ತಿ ಸೊಂಟ ಹಿಡಿದುಕೊಂಡದ್ದು, ಇವುಗಳಿಗೆ ಮೀನೆಣ್ಣೆಯಿಂದ ಏನೂ ಪ್ರಯೋಜನವಿಲ್ಲ. ಮೈಯಲ್ಲಿ ಬೇರೆ ತೊಂದರೆ ಇಲ್ಲದವರು ಡಾಕ್ಟರು ಹೇಳಿದ ನೋವಿನ ಮಾತ್ರೆಯನ್ನು ಮೂರರಿಂದ ಐದು ದಿನ, ಊಟದ ನಂತರ, ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದುಕೊಂಡರೆ ಭಯಪಡುವ ಕಾರಣವಿಲ್ಲ. ಮುಟ್ಟಿನ ಹೊಟ್ಟೆನೋವೂ ಹಾಗೇ. ಅದು ಹುಟ್ಟುವುದೇ ಗರ್ಭಕೋಶದ ಪ್ರೊಸ್ಟಾಗ್ಲಾಂಡಿನ್‌ನಿಂದ, ಆದ್ದರಿಂದ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಚೆನ್ನಾಗಿ ಹಿಡಿಯುತ್ತವೆ. ಯಾವ ಮಾತ್ರೆಯೇ ಆಗಲಿ, ತೆಗೆದುಕೊಂಡ ಮೇಲೆ ಮೈಮೇಲೆ ಗಂಧೆ ಎದ್ದು ಜ್ವರ ಬಂದರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಹೋಗಿ.

ವಯಸ್ಸಾದವರ ಮಂಡಿ ಸವೆತದ ವಿಷಯದಲ್ಲಿ ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೊಂದು ಗ್ರಾಂ ಮೀನೆಣ್ಣೆಯ ಕ್ಯಾಪ್ಸೂಲ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಮಂಡಿ ನೋವಿದ್ದವರನ್ನು ಬೇರೆಯಾಗಿ ನೋಡಿದಾಗ, ಮೀನೆಣ್ಣೆ ತೆಗೆದುಕೊಂಡವರಿಗೂ ಔಷಧವಿಲ್ಲದ ಕ್ಯಾಪ್ಸೂಲ್ ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಸಿಗಡಿಯಂಥ ಪುಟ್ಟ ಜೀವಿಯಾದ ಕ್ರಿಲ್‌ನ ಎಣ್ಣೆಯನ್ನು ಮಂಡಿ ಸವೆತದವರಿಗೆ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಅದರಲ್ಲೂ ಲಾಭವಿಲ್ಲ. ಮೀನೆಣ್ಣೆ ಮಾರುವವರು ಇನ್ನೊಂದು ಅಧ್ಯಯನವನ್ನು ಎತ್ತಿ ತೋರಿಸುತ್ತಾರೆ: 2006ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಇಬ್ಬರು ವೈದ್ಯರು ಕತ್ತು, ಬೆನ್ನು ನೋವಿನ 250 ಜನರಿಗೆ ಮೀನೆಣ್ಣೆ ಕೊಟ್ಟರು, ಉತ್ತರ ಕಳಿಸಿದ 125 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋವಿನ ಮಾತ್ರೆ ಬಿಟ್ಟೆವು ಎಂದರು. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಹೋಲಿಸಿ ನೋಡಲು ಎಣ್ಣೆ ಕೊಡದ ಇನ್ನೊಂದು ಗುಂಪೇ ಇರಲಿಲ್ಲ, ಉತ್ತರ ಕಳಿಸದ ಉಳಿದ ಅರ್ಧ ಜನರಿಗೆ ಏನಾಯಿತೆಂದೂ ತಿಳಿಯುವುದಿಲ್ಲ. ಕತ್ತು, ಬೆನ್ನು ನೋವು ಎರಡು ಮೂರು ತಿಂಗಳಲ್ಲಿ ಎಷ್ಟೋ ಜನರಿಗೆ ತಾನಾಗಿಯೇ ಇಳಿಯುತ್ತದೆ. ನಾನಂತೂ ಆ ಅಧ್ಯಯನವನ್ನು ನಂಬಿ ಯಾರಿಗೂ ಡಬ್ಬಿ ಕೊಡಲಾರೆ.

ಹಾಗಾದರೆ ಮಂಡಿ ಸವೆತಕ್ಕೆ ಮಾತ್ರೆಯೇ ಗತಿಯೇ? ಅಲ್ಲ. ಈ ಹೋಲಿಕೆಯಲ್ಲಿ ಎಲ್ಲರೂ ಮರೆಯುವ ಮೂರನೆಯದೊಂದಿದೆ, ಡೈಕ್ಲೋಫೆನಾಕ್ ಜೆಲ್. ಮಂಡಿಯಂಥ, ಚರ್ಮಕ್ಕೆ ಹತ್ತಿರವಿರುವ ಕೀಲಿಗೆ ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿದರೆ ಔಷಧಿ ಇಳಿಯಬೇಕಾದ ಜಾಗಕ್ಕೆ ಇಳಿಯುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗ ಸೇರುವುದರಲ್ಲಿ ನೂರಕ್ಕೆ ಹತ್ತು ಪಾಲೂ ಇಲ್ಲ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಮಂಡಿ ಸವೆತಕ್ಕೆ ಮಾತ್ರೆಗಿಂತ ಮೊದಲು ಜೆಲ್ಲನ್ನೇ ಹೇಳುತ್ತದೆ. ನಮ್ಮ ಜನ ಮಾತ್ರ “ಹಚ್ಚೋದ್ರಲ್ಲಿ ಏನೈತೆ, ನುಂಗೋದು ಕೊಡಿ, ಇಲ್ಲ ಒಂದು ಸೂಜಿ ಹಾಕ್ಸಿ” ಅನ್ನುತ್ತಾರೆ. ಬೆನ್ನಿನ ಒಳಗಿನ ನೋವಿಗೆ ಜೆಲ್ ಅಷ್ಟು ಮುಟ್ಟುವುದಿಲ್ಲ, ಅದನ್ನೂ ಒಪ್ಪುತ್ತೇನೆ.

ರುಮಟಾಯ್ಡ್ ಸಂಧಿವಾತ ಬೇರೆಯೇ ಕಾಯಿಲೆ. ಎರಡೂ ಕೈಯ ಬೆರಳ ಗೆಣ್ಣುಗಳು ಊದಿ, ಬೆಳಗ್ಗೆ ಎದ್ದಾಗ ಒಂದು ಗಂಟೆ ಮುಷ್ಟಿ ಕಟ್ಟಲಾಗದಿದ್ದರೆ ಅದು ಬರೀ ಸವೆತ ಅಲ್ಲದಿರಬಹುದು. ಮೀನೆಣ್ಣೆಗೆ ಸ್ವಲ್ಪ ಆಧಾರವಿರುವುದು ಇಲ್ಲೇ, ಮೇಲೆ ಹೇಳಿದ ದೊಡ್ಡ ಪ್ರಮಾಣದಲ್ಲಿ. ಆದರೆ ಕೀಲು ವಕ್ರವಾಗುವುದನ್ನು ತಡೆಯುವುದು ಮೆಥೋಟ್ರೆಕ್ಸೇಟ್‌ನಂಥ ಔಷಧಿಗಳು. ಮೀನೆಣ್ಣೆಯೂ ಅದನ್ನು ತಡೆಯದು, ನೋವಿನ ಮಾತ್ರೆಯೂ ತಡೆಯದು. ಎಣ್ಣೆ ಸಿಕ್ಕಿತೆಂದು ಮೆಥೋಟ್ರೆಕ್ಸೇಟ್ ಬಿಟ್ಟರೆ ಬೆರಳುಗಳು ಸೊಟ್ಟಗಾಗುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ.

ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದುವ ಗೌಟ್‌ಗೆ ಮಾತ್ರೆಯೇ ಬೇಕು. ಅಂಥವರು “ಒಮೇಗಾ-3 ಒಳ್ಳೇದಂತೆ” ಎಂದು ಬೂತಾಯಿ ಮೀನು ತಿಂದರೆ ನೋವು ಇನ್ನೂ ಕೆರಳಬಹುದು.

ಮಳೆಗಾಲದ ಮೈಕೈ ನೋವಿನ ಜ್ವರಕ್ಕೆ ಎರಡೂ ಬೇಡ. 2006ರಲ್ಲಿ ಕರ್ನಾಟಕದಲ್ಲೆಲ್ಲ ಚಿಕೂನ್‌ಗುನ್ಯಾ ಹಬ್ಬಿ ಜನ ಕೋಲೂರಿ ನಡೆದದ್ದು ನೆನಪಿರುವವರು ಜ್ವರ, ಕೀಲು ನೋವು ಅಂದಕೂಡಲೇ ನೋವಿನ ಮಾತ್ರೆ ಕೇಳುತ್ತಾರೆ. ಆದರೆ ಅದೇ ಸೊಳ್ಳೆ ಡೆಂಗಿಯನ್ನೂ ಹರಡುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ರಕ್ತಪರೀಕ್ಷೆಯಲ್ಲಿ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ.

ನಮ್ಮಪ್ಪನ ಜೇಬಿನ ಸ್ಟ್ರಿಪ್

ಮಾತ್ರೆಯ ಅಪಾಯದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ನಮ್ಮ ಮನೆಯಲ್ಲೇ ಕಾರಣವಿದೆ. ನಮ್ಮಪ್ಪನಿಗೆ ಮಂಡಿ ನೋವು. ಗದ್ದೆಗೆ ಹೋಗುವ ಮುಂಚೆ ಒಂದು ಡೈಕ್ಲೋಫೆನಾಕ್. ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟಿನ ಜೊತೆ ಸ್ಟ್ರಿಪ್ ಇದ್ದೇ ಇರುತ್ತಿತ್ತು. ಹೃದಯಕ್ಕೆಂದು ಆಸ್ಪಿರಿನ್ 75 ಬೇರೆ ನಡೆಯುತ್ತಿತ್ತು. ಒಂದು ದಿನ ಬೆಳಗ್ಗೆ ಬಚ್ಚಲ ಮನೆಯಿಂದ ಬಂದವರು ತಲೆ ಸುತ್ತುತ್ತೆ ಅಂದರು. ಅವ್ವ ಮೆಲ್ಲಗೆ ಬಂದು, ಮೂರು ದಿನದಿಂದ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದೆ, ನಿಂಗೆ ಹೇಳಬೇಡ ಅಂದಿದ್ದರು ಅಂದಳು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಏರಿಸಿದರು. ಆ ಸ್ಟ್ರಿಪ್ಪುಗಳನ್ನು ತಿಂಗಳಿಗೆ ಮೂರರಂತೆ ಅಂಗಡಿಯಿಂದ ತಂದುಕೊಟ್ಟವಳು ನಾನೇ. ಆಸ್ಪಿರಿನ್ ಜೊತೆ ಇನ್ನೊಂದು ನೋವಿನ ಮಾತ್ರೆ ಸೇರಿದರೆ ಹುಣ್ಣಿನ ಅಪಾಯ ಏರುತ್ತದೆ ಎಂದು ಓದಿ ಪಾಸಾದವಳೂ ನಾನೇ.

ಹುಣ್ಣಾದಾಗ ಹೊಟ್ಟೆ ನೋಯಲೇಬೇಕೆಂದಿಲ್ಲ. ನೋವಿನ ಮಾತ್ರೆ ಆ ನೋವನ್ನೂ ಮುಚ್ಚಿಹಾಕುತ್ತದೆ. ಮುದ್ದೆ ಉಂಡು ತಗೊಂಡರೆ ಏನೂ ಆಗಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ಊಟದಿಂದ ಉರಿ ಕಡಿಮೆಯಾಗಬಹುದು, ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೆ ಜಠರದ ಕಾವಲನ್ನು ಒಳಗಿಂದಲೇ ತೆಗೆಯುತ್ತದೆ. ಸೂಜಿ ಹಾಕಿಸಿಕೊಂಡರೂ ಅಷ್ಟೇ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಜೊತೆಗಿದ್ದರೆ ಹುಣ್ಣಿನ ಅಪಾಯ ಇಳಿಯುತ್ತದೆ, ಕಿಡ್ನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಕಿಡ್ನಿಯ ಮಾತು ಬಂದಾಗ ನನಗೆ ರಾಮನಗರದ ಬೆಟ್ಟ ನೆನಪಾಗುತ್ತದೆ. ಬೆಂಗಳೂರು ರಸ್ತೆಯಲ್ಲಿ ಹೋಗುವಾಗ ಕಾಣುವ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ದೇಶದಲ್ಲಿ ರಣಹದ್ದುಗಳು ಹಾಗೆ ಕಾಪಾಡಬೇಕಾದ ಸ್ಥಿತಿಗೆ ಬಂದದ್ದಕ್ಕೆ ಮುಖ್ಯ ಕಾರಣ ಡೈಕ್ಲೋಫೆನಾಕ್. ದನಗಳಿಗೆ ಆ ಸೂಜಿ ಕೊಡುತ್ತಿದ್ದರು, ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಲವೇ ದಿನಗಳಲ್ಲಿ ನಿಂತುಹೋಗುತ್ತಿತ್ತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರ ಕಿಡ್ನಿ ಹದ್ದಿನದರಷ್ಟು ನಾಜೂಕಲ್ಲ, ನಿಜ. ಆದರೆ ಔಷಧಿ ಅದೇ.

ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ: ಈ ಮೂರು ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಮೊದಲೆರಡೂ ಒಂದೇ ಗುಳಿಗೆಯಲ್ಲಿರುತ್ತವೆ, ಹೆಸರಿನ ಕೊನೆಗೆ ಎಚ್ ಎಂಬ ಅಕ್ಷರ ಇದ್ದರೆ ಸಾಮಾನ್ಯವಾಗಿ ಅದೇ ಅರ್ಥ. ಬಿಸಿಲಲ್ಲಿ ಕಬ್ಬು ಕಡಿಯುವವರು, ಕೊಪ್ಪರಿಗೆಯ ಬೆಂಕಿ ಮುಂದೆ ಬೆವರು ಸುರಿಸುವವರು ನೀರು ಕಡಿಮೆ ಕುಡಿದಿದ್ದರೆ ಪೆಟ್ಟು ಇನ್ನೂ ಜೋರು. ಆಲೆಮನೆಯ ಅಣ್ಣನಿಗೆ ಆವತ್ತು ನಾನು ಸ್ಟ್ರಿಪ್ ಕೊಡಲಿಲ್ಲ. ಬಿಪಿ ಮಾತ್ರೆಯ ಚೀಟಿ ತರಿಸಿ ನೋಡಿದೆ, ಮೂರೂ ಇತ್ತು. ಮಾರನೇ ದಿನವೇ ಮಿಮ್ಸ್ ಆಸ್ಪತ್ರೆಗೆ ಹೋಗಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟೆ.

ನೋವಿನ ಮಾತ್ರೆ ಬಿಪಿಯನ್ನು ಏರಿಸುತ್ತದೆ, ಕಾಲಿನಲ್ಲಿ ನೀರು ತುಂಬಿಸುತ್ತದೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತದೆ. ಹೊಟ್ಟೆಗೆ ಮೃದು ಎಂದು ಬಂದ ಕಾಕ್ಸ್-2 ಗುಂಪಿನ ರೋಫೆಕಾಕ್ಸಿಬ್ ಮಾತ್ರೆಯನ್ನು ಹೃದಯದ ಅಪಾಯದಿಂದಾಗಿಯೇ 2004ರಲ್ಲಿ ಜಗತ್ತಿನ ಮಾರುಕಟ್ಟೆಯಿಂದ ವಾಪಸ್ ಪಡೆದರು. ಅದೇ ಗುಂಪಿನ ಎಟೋರಿಕಾಕ್ಸಿಬ್ ನಮ್ಮಲ್ಲಿ ಈಗಲೂ ಇದೆ, ಹೃದಯದ ತೊಂದರೆ ಇರುವವರು ಅದರಿಂದ ದೂರವಿರಬೇಕು. ಬಸುರಿಯರು (ಅದರಲ್ಲೂ ಐದು ತಿಂಗಳು ತುಂಬುತ್ತಾ ಬಂದವರು, ಅದನ್ನು ದಾಟಿದವರು), ಹಿಂದೆ ಹುಣ್ಣಾದವರು, ಆಸ್ಪಿರಿನ್ ತಿಂದರೆ ಉಬ್ಬಸ ಬರುವವರು ಡಾಕ್ಟರನ್ನು ಕೇಳದೆ ಈ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟಬಾರದು. ಎರಡು ಬೇರೆ ಬೇರೆ ಹೆಸರಿನ ನೋವಿನ ಮಾತ್ರೆಯನ್ನು ಒಟ್ಟಿಗೆ ತೆಗೆದುಕೊಳ್ಳುವುದರಿಂದ ಗುಣ ಇಮ್ಮಡಿಯಾಗುವುದಿಲ್ಲ, ಅಪಾಯ ಮಾತ್ರ ಏರುತ್ತದೆ.

ಮೀನೆಣ್ಣೆಯ ಕೆಡುಕು ಇದರ ಮುಂದೆ ಸಣ್ಣದು: ಮೀನಿನ ತೇಗು, ಒಮ್ಮೊಮ್ಮೆ ಬೇಧಿ. ಊಟದ ನಡುವೆ ನುಂಗಿದರೆ ತೇಗು ಕಡಿಮೆ. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಎದೆಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸ್ವಲ್ಪ ಹೆಚ್ಚಾಗಿ ಕಂಡಿದೆ, ಆದ್ದರಿಂದ ಹೃದಯದ ಕಾಯಿಲೆಯವರು ದಿನಕ್ಕೆ ಒಂಬತ್ತು ಕ್ಯಾಪ್ಸೂಲ್ ಎಂದು ತಾವಾಗಿಯೇ ಶುರು ಮಾಡಬಾರದು. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆಯಲ್ಲಿರುವವರೂ ಕೇಳಿಯೇ ತೆಗೆದುಕೊಳ್ಳಬೇಕು. ಕಾಡ್ ಲಿವರ್ ಆಯಿಲ್ ಎಂದರೆ ಇದೇ ಎಂದು ತಿಳಿಯಬೇಡಿ. ಅದು ಮೀನಿನ ಪಿತ್ತಜನಕಾಂಗದ ಎಣ್ಣೆ, ಅದರಲ್ಲಿ ವಿಟಮಿನ್ ಎ ಇರುತ್ತದೆ. ಒಮೇಗಾ-3 ಸಿಗಲಿ ಎಂದು ಅದನ್ನು ಐದಾರು ನುಂಗಿದರೆ ವಿಟಮಿನ್ ಎ ಮಿತಿ ಮೀರಬಹುದು, ಬಸುರಿಯರಿಗೆ ಅದು ಅಪಾಯ.

ತಟ್ಟೆಯಲ್ಲಿ ಸಿಗುವುದು

ಡಬ್ಬಿಗೆ ದುಡ್ಡು ಹಾಕುವ ಮುಂಚೆ ಮೀನಿನ ಅಂಗಡಿಗೆ ಹೋಗಿ. ಮಂಗಳೂರು ಕಡೆಯಿಂದ ಐಸಿನಲ್ಲಿ ಬರುವ ಬೂತಾಯಿ, ಬಂಗುಡೆಗಳು ಮೈಸೂರು, ಮಂಡ್ಯದಲ್ಲೂ ಸಿಗುತ್ತವೆ. 100 ಗ್ರಾಂ ಬೂತಾಯಿಯಲ್ಲಿ ಸುಮಾರು ಒಂದು ಗ್ರಾಂ ಇಪಿಎ, ಡಿಎಚ್‌ಎ ಇರುತ್ತದೆ, ಅಂದರೆ ಅಜ್ಜಿಯ ಮೂರು ಕ್ಯಾಪ್ಸೂಲಿಗಿಂತ ಹೆಚ್ಚು. ಕೆಆರ್‌ಎಸ್ ಹತ್ತಿರ ಕರಿದು ಕೊಡುವ ಹೊಳೆಮೀನು, ಕೆರೆಯ ಕಟ್ಲಾ, ರೋಹು ರುಚಿಯಲ್ಲಿ ಕಡಿಮೆಯಿಲ್ಲ, ಒಮೇಗಾ-3ರಲ್ಲಿ ಸಮುದ್ರದ ಎಣ್ಣೆಮೀನಿಗೆ ಸಮವಲ್ಲ. ಹುಳಿ ಹಿಂಡಿದ ಸಾರು ಮಾಡಿದರೆ ಕರಿದದ್ದಕ್ಕಿಂತ ವಾಸಿ.

ಸಸ್ಯಾಹಾರಿಗಳು ಇನ್ನೂ ಎಚ್ಚರವಾಗಿರಬೇಕು, ಕ್ಯಾಪ್ಸೂಲಿನ ಹೊರಕವಚವೂ ಸಾಮಾನ್ಯವಾಗಿ ಪ್ರಾಣಿಗಳ ಜೆಲಾಟಿನ್. ಅಗಸೆ ಬೀಜ, ಚಿಯಾ ಬೀಜಗಳಲ್ಲಿ ಒಮೇಗಾ-3 ಇದೆ. ಚಿಯಾ ಬೆಳೆಯನ್ನು ನಮ್ಮ ರೈತರಿಗೆ ಪರಿಚಯಿಸುವ ಕೆಲಸವನ್ನು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮಾಡಿದೆ. ಆದರೆ ಬೀಜಗಳಲ್ಲಿರುವುದು ಎಎಲ್‌ಎ ಎಂಬ ಬೇರೆ ರೂಪ, ದೇಹ ಅದರಲ್ಲಿ ಇಪಿಎ ಆಗಿ ಬದಲಾಯಿಸುವುದು ನೂರಕ್ಕೆ ಹತ್ತು ಪಾಲಿಗೂ ಕಡಿಮೆ. ಚಟ್ನಿಪುಡಿ ಮಾಡಿ ತಿನ್ನಿ, ಒಳ್ಳೆಯದೇ. ಸಂಧಿವಾತಕ್ಕೆ ಮೀನೆಣ್ಣೆಯ ಬದಲಿ ಎಂದು ನಂಬಬೇಡಿ. ಸಸ್ಯಾಹಾರಿಗಳಿಗೆ ನಿಜವಾದ ಬದಲಿ ಪಾಚಿಯ ಎಣ್ಣೆ, ಮೀನಿಗೂ ಒಮೇಗಾ-3 ಬರುವುದು ಮೂಲದಲ್ಲಿ ಪಾಚಿಯಿಂದಲೇ. ಬೆಲೆ ಮಾತ್ರ ಜಾಸ್ತಿ.

ಸಂಧಿವಾತಕ್ಕೆಂದು ಡಾಕ್ಟರು ಒಪ್ಪಿ ಮೀನೆಣ್ಣೆ ಶುರು ಮಾಡಿದ್ದರೆ ಕ್ಯಾಲೆಂಡರಿನಲ್ಲಿ ದಿನಾಂಕ ಬರೆದಿಡಿ. ಬೆಳಗಿನ ಬಿಗಿತ ಎಷ್ಟು ನಿಮಿಷ, ವಾರಕ್ಕೆ ಎಷ್ಟು ನೋವಿನ ಮಾತ್ರೆ ಬೇಕಾಯಿತು, ಅಷ್ಟನ್ನು ಗುರುತು ಹಾಕಿ. ಮೂರು ತಿಂಗಳಾದರೂ ಆ ಎರಡು ಅಂಕಿ ಇಳಿಯದಿದ್ದರೆ ಡಬ್ಬಿ ನಿಲ್ಲಿಸಿ. ನೋವಿನ ಮಾತ್ರೆಯಲ್ಲಿ ಹತ್ತು ದಿನ ದಾಟಿದರೆ ಅದನ್ನು ಮುಂದುವರಿಸುವ ತೀರ್ಮಾನ ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಡಾಕ್ಟರದು. ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಮುಖ ಕಾಲು ಊದುವುದು, ಏದುಸಿರು ಕಂಡರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ತಿನ್ನುತ್ತಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ಮೀನೆಣ್ಣೆಯ ಡಬ್ಬಿಯನ್ನೂ ಒಂದೇ ಕವರಿನಲ್ಲಿ ಹಾಕಿ ಒಯ್ಯಿರಿ.

ಅಜ್ಜಿಗೆ ಆವತ್ತು ಒಂದು ಟ್ಯೂಬ್ ಜೆಲ್ ಕೊಟ್ಟೆ. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುವ ವ್ಯಾಯಾಮವನ್ನು ಅಂಗಡಿಯ ಸ್ಟೂಲಿನ ಮೇಲೇ ಮಾಡಿಸಿ ತೋರಿಸಿದೆ. ಅವರು ಫೋನಿನಲ್ಲಿ ಮಗನ ನಂಬರು ಹಚ್ಚಿ, “ನೀನೇ ಯೋಳವ್ವ ಅವುಂಗೆ” ಎಂದು ನನ್ನ ಕೈಗೆ ಕೊಟ್ಟರು. ಆತನಿಗೆ ತಾಯಿಯ ಮೇಲಿನ ಕಾಳಜಿ ದನಿಯಲ್ಲೇ ಗೊತ್ತಾಗುತ್ತಿತ್ತು. ಮುಂದಿನ ಡಬ್ಬಿ ಕಳಿಸಬೇಡಿ, ಅಜ್ಜಿಗೆ ಅತಿ ಹೆಚ್ಚು ನೋವಾಗುವುದು ಬೆಳಗ್ಗೆ ಪಾಯಿಖಾನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಏಳುವಾಗಲಂತೆ, ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಕಮೋಡ್ ಕುರ್ಚಿ ತನ್ನಿ ಎಂದೆ. ಸಂಕ್ರಾಂತಿಗೆ ಊರಿಗೆ ಬಂದಾಗ ತಂದರು. ಅಜ್ಜಿ ಈಗ ತಿಂಗಳಿಗೊಮ್ಮೆ ಬಂದು ಜೆಲ್ ಒಯ್ಯುತ್ತಾರೆ. ಹಳೇ ಮಾತ್ರೆಯನ್ನು ಆಮೇಲೆ ಎರಡೇ ಸಲ ಕೇಳಿದ್ದಾರೆ, ಎರಡು ಸಲವೂ ಚೀಟಿ ತಂದಿದ್ದರು.